ಬೆಟ್ಟವಿಲ್ಲದ ಊರಿನಲ್ಲಿ ಬೆಟ್ಟ ತೆರೆದವರು

ಮೂಲಮಠದ ಕಚೇರಿಯ ಮಾನ್ಯ ಅಧಿಕಾರಿಗಳೇ,

ನಮ್ಮೂರ ಮಠದ ಸನ್ಯಾಸಿನಿ ಮ್ಯೋಕೆಯ್ ಅಮ್ಮ ತೀರಿಕೊಂಡ ಮೇಲೆ, ಪೂಜೆಗೆಂದು ಅವರ ಹೆಸರು ಕೆತ್ತಿದ ಹಲಗೆಯನ್ನು ನಾವು ಮಠದ ಸ್ಥಾಪಕರ ಪೀಠದಲ್ಲಿಟ್ಟೆವು. ನಿಮ್ಮವರು ಬಂದು ಅದನ್ನು ಕೆಳಗಿಳಿಸಿ, ‘ಮನೆಯವರು ಒಯ್ಯಲಿ’ ಎಂದರು. ಸನ್ಯಾಸಿನಿಗೆ ಮನೆಯವರು ಎಲ್ಲಿಂದ ಬರಬೇಕು? ಈಗ ಅದು ನನ್ನ ಪೂಜೆಗೂಡಿನಲ್ಲಿ, ಬದುಕಿದ್ದಷ್ಟು ದಿನ ಜಗಳವಾಡಿದ ನನ್ನ ಗಂಡ ಮತ್ತು ಅತ್ತೆಯ ಹಲಗೆಗಳ ನಡುವೆ ಇಕ್ಕಟ್ಟಾಗಿ ನಿಂತಿದೆ. ದಿನವೂ ಅದರ ಮುಂದೆ ಅನ್ನ ಇಡುತ್ತೇನೆ. ಅಳು ಬರುವುದಿಲ್ಲ, ಸಿಟ್ಟೂ ಬರುವುದಿಲ್ಲ. ಏನೂ ಅನ್ನಿಸುತ್ತಿಲ್ಲ.

ಮಠ ಸ್ಥಾಪಿಸಿದವರನ್ನು ನಾವು ‘ಕೈಸಾನ್’ ಎನ್ನುತ್ತೇವೆ, ಬೆಟ್ಟ ತೆರೆದವರು ಎಂದು; ಹಿಂದೆ ಮಠಗಳು ಬೆಟ್ಟದ ಮೇಲೇ ಇರುತ್ತಿದ್ದವಂತೆ. ನಮ್ಮೂರಿನಲ್ಲಿ ಬೆಟ್ಟವಿಲ್ಲ. ಮುಂದೆ ಕಡಲು, ಹಿಂದೆ ಮೀನು ಒಣಗಿಸುವ ಅಂಗಳ. ಹರಿದ ಬಲೆ ತುಂಬಿದ್ದ ಕೊಟ್ಟಿಗೆಯನ್ನು ಗುಡಿಸಿ ಮಠ ಮಾಡಿದವರು ಅಮ್ಮ. ನನ್ನ ಗಂಡನ ದೋಣಿ ಮಗುಚಿ ಹೆಣ ಸಿಗದೆ ಹೋದಾಗ, ಅಲೆತಡೆಯ ಕಲ್ಲಿನ ಮೇಲೆ ನನ್ನ ಜೊತೆ ಕುಳಿತು ಬರಿಯ ನೀರಿಗೆ ಮಂತ್ರ ಹೇಳಿದವರೂ ಅವರೇ. ಆಗ ನಿಮ್ಮ ಕಚೇರಿ ಎಲ್ಲಿತ್ತು?

ತಪ್ಪು ಅಮ್ಮನದೂ ಇದೆ, ಒಪ್ಪುತ್ತೇನೆ. ಮಠದ ಸ್ಥಾಪಕರೆಂದು ನಿಮ್ಮ ದಾಖಲೆಯಲ್ಲಿ, ಆಗಲೇ ಸತ್ತುಹೋಗಿದ್ದ ತಮ್ಮ ಗುರುಗಳ ಹೆಸರು ಬರೆಸಿಬಿಟ್ಟರು. ಯಾಕೆಂದು ಕೇಳಿದರೆ, “ಬೆಟ್ಟ ತೆರೆದವರು ಅವರೇ ಕಣೇ ಹಿಸಾಯೊ. ನಾನು ಬರೀ ಬಾಗಿಲು ತೆಗ್ದೋಳು” ಎಂದು ನಕ್ಕಿದ್ದರು.

ಆ ವಿನಯವನ್ನೇ ನೀವು ಸಾಕ್ಷಿ ಮಾಡಿಕೊಂಡಿರಿ. ನಿಮ್ಮ ಕಚೇರಿಯ ಸನ್ಯಾಸಿಯನ್ನು ನಾನು ಕೇಳಿದೆ: “ಆ ಗುರುಗಳು ಒಂದಿನಾನೂ ಈ ಊರಿಗೆ ಬಂದಿಲ್ವಲ್ಲ ಸ್ವಾಮಿ?”

“ಬರ್ಬೇಕಾಗಿಲ್ಲಮ್ಮ. ತೀರ್ಕೊಂಡ ಗುರುಗಳನ್ನ ಶಿಷ್ಯರು ಕೈಸಾನ್ ಅಂತ ಕೂರಿಸ್ಬಹುದು. ಸಂಪ್ರದಾಯ.”

“ಹಾಗಾದ್ರೆ ಗುಡಿಸಿ ಒರೆಸಿದೋರು?”

“ಅವರು ನೋಡ್ಕೊಳ್ತಿದ್ದೋರು, ಅಷ್ಟೇ.”

ಎಂಥ ಚೊಕ್ಕ ಸಂಪ್ರದಾಯ! ಮೆಟ್ಟಿಲು ಹತ್ತದವರಿಗೆ ಪೀಠ, ಮೆಟ್ಟಿಲು ತೊಳೆದವರಿಗೆ ನನ್ನ ಅತ್ತೆಯ ಪಕ್ಕದ ಜಾಗ.

ಆದ್ದರಿಂದ ನನ್ನ ಬೇಡಿಕೆ ಇಷ್ಟೆ. ಅಮ್ಮನ ವರ್ಷದ ತಿಥಿಯೊಳಗೆ ಅವರನ್ನು ಗುರುಗಳ ಪಕ್ಕ ಕೂರಿಸಿ. ಆಗದಿದ್ದರೆ ನಿಮ್ಮ ಸಂಪ್ರದಾಯದಂತೆಯೇ ನಡೆಯುತ್ತೇನೆ. ನಮ್ಮ ಮನೆಯ ಹಿಂದೆ ನನ್ನ ಗಂಡನ ಬಲೆಗಳಿದ್ದ ಕೊಟ್ಟಿಗೆಯನ್ನು ಗುಡಿಸಿಟ್ಟಿದ್ದೇನೆ. ಅಲ್ಲಿ ಅಮ್ಮನ ಹಲಗೆಯಿಟ್ಟು ಅನ್ನ ಇಡುತ್ತೇನೆ. ಅದನ್ನು ಮಠವೆಂದು ನೀವು ಒಪ್ಪಬೇಕಾಗಿಲ್ಲ. ಅದರ ಕೈಸಾನ್ ಯಾರೆಂದು ಊರಿಗೆ ಗೊತ್ತಿರುತ್ತದೆ.

ಇಂತಿ,
ಬರೀ ಬಾಗಿಲು ತೆಗೆದವಳು,
ಹಿಸಾಯೊ