ನಾಲ್ಕರಲ್ಲಿ ಇಲ್ಲದ ಉತ್ತರ

ಮಗಳೇ,

ಇದನ್ನು ಅಂಚೆಗೆ ಹಾಕುವವಳು ನಾನಲ್ಲ. ಮೊದಲು ಕಾಗದ ಬರೆಯಬೇಕಾದವಳು ಮನೆ ಬಿಟ್ಟು ಹೋದವಳೇ ಹೊರತು ಹೆತ್ತವಳಲ್ಲ.

ನಿನ್ನ ಅಣ್ಣನ ಮಗಳು ನೀನು ಬರೆದ ಸರ್ಕಾರಿ ಪರೀಕ್ಷೆಗೇ ಓದುತ್ತಿದ್ದಾಳೆ, ನಿನ್ನ ಮೇಜಿನ ಮುಂದೆಯೇ ಕೂತು. ಪರೀಕ್ಷಾ ಕೇಂದ್ರ ನೀನಿರುವ ಊರಿನಲ್ಲಿ ಬಿದ್ದಿದೆ. ಹಿಂದಿನ ದಿನವೇ ಹೋಗಿ ಲಾಡ್ಜಿನಲ್ಲಿ ಉಳಿಯಲಿ ಎಂದು ನಾನು ಅಪ್ಪಣೆ ಕೊಟ್ಟಾಗಿತ್ತು.

ಇವತ್ತು ಮಧ್ಯಾಹ್ನ, ನೀನು ಮನೆ ಬಿಟ್ಟ ದಿನದ ಹಾಗೆಯೇ, ನಾನು ಒಳಗೆ ಬಟ್ಟೆ ಮಡಿಸುತ್ತಿದ್ದಾಗ ಪುಸ್ತಕ ಹಿಡಿದು ಬಂದಳು. ರಕ್ತಸಂಬಂಧದ ಪ್ರಶ್ನೆಗಳಂತೆ. ಯಾರು ಯಾರಿಗೆ ಏನಾಗಬೇಕು ಎಂಬುದನ್ನು, ಕೊಟ್ಟಿರುವ ನಾಲ್ಕು ಉತ್ತರಗಳಲ್ಲಿ ಆರಿಸಿ ಹೇಳಬೇಕು. ನನಗದು ನೀರು ಕುಡಿದಷ್ಟು ಸುಲಭ, ಪಟಪಟನೆ ಹೇಳಿದೆ.

"ಕೊನೇದು, ಅಜ್ಜಿ. ಒಬ್ಬಳ ಅಣ್ಣನ ಮಗಳು ನಾನು. ನಮ್ಮಪ್ಪನ ಅಮ್ಮನಿಗೆ ಅವಳು ಏನಾಗ್ಬೇಕು?"

ಪುಸ್ತಕ ಆಗಲೇ ಮುಚ್ಚಿತ್ತು. ಪ್ರಶ್ನೆ ಎಲ್ಲಿಯದೆಂದು ನನಗೆ ತಿಳಿಯದೇ?

"ಏನೂ ಆಗ್ಬೇಕಿಲ್ಲ," ಎಂದೆ.

"ಆ ಉತ್ತರ ನಾಲ್ಕರಲ್ಲಿ ಇಲ್ಲ ಅಜ್ಜಿ."

"ಬಾಯಿ ಜೋರಾಯ್ತು ನಿಂದು."

"ಯಾರ ಮೊಮ್ಮಗಳು ಮತ್ತೆ?"

ಮಡಿಸಿಟ್ಟ ಹೊದಿಕೆಯನ್ನು ಬಿಚ್ಚಿ ಮತ್ತೆ ಮಡಿಸಿದೆ. ಆಮೇಲೆ ಹೇಳಿದೆ, "ಲಾಡ್ಜು ಗೀಡ್ಜು ಏನೂ ಬೇಡ. ನಿಮ್ಮತ್ತೆ ಮನೇಲೇ ಉಳ್ಕೋ."

ಶನಿವಾರ ಸಂಜೆ ಈ ಕಾಗದ ಹಿಡಿದು ಬರುತ್ತಾಳೆ. ಓದುವಾಗ ಮಾತಾಡಿಸಬೇಡ, ಸಿಡುಕುತ್ತಾಳೆ, ನಿನ್ನ ಹಾಗೆಯೇ. ಬೆಳಿಗ್ಗೆ ಅವಳು ಹೊರಡುವಾಗ ಕೈಯಲ್ಲಿ ಏನು ಕೆಲಸವಿದ್ದರೂ ಬಿಟ್ಟು ಬಾಗಿಲವರೆಗೆ ಹೋಗು. ಹೆಣ್ಣುಮಗಳು ಹೊಸಿಲು ದಾಟುವಾಗ ಅಲ್ಲಿ ಯಾರಾದರೂ ನಿಂತಿರಬೇಕು.