ಒಂದೇ ಉತ್ತರಕ್ಕೆ ಎರಡು ದರ್ಜೆ

ತಿಪಟೂರು
ನವೆಂಬರ್ ೧೮, ೨೦೨೪

ಮುನಿದು ತವರಲ್ಲಿ ಕೂತಿರುವ ಸೌಮ್ಯಳಿಗೆ,

ನೀನು ಲಿಖಿತಾಳನ್ನು ಕರೆದುಕೊಂಡು ಅರಳಗುಪ್ಪೆಗೆ ಹೋಗಿ ಹನ್ನೊಂದು ದಿನವಾಯಿತು. ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಹೊರಡುವಾಗ ನೀನಂದದ್ದು ಒಂದೇ ಮಾತು: “ಮಗೀನ ಕೈ ಮುರಿದೋರು ಯಾರೂಂತ ನಾಕು ಜನದ ಎದುರಿಗೆ ನಿಮ್ಮ ಬಾಯಲ್ಲೇ ಹೇಳ್ರೀ, ಆಮೇಲೆ ಬತ್ತೀವಿ.” ಅಲ್ಲಿಗೆ ಬರುತ್ತೇನೆ, ತಾಳು. ಮೊದಲು ನನ್ನ ಪರಾಕ್ರಮ ಕೇಳು.

ಶನಿವಾರ ಪೋಷಕರ ಸಭೆಗೆ ಹೋಗಿದ್ದೆ. ನಮ್ಮ ಲಿಖಿತಾಳಿಗೆ ವಿಜ್ಞಾನದಲ್ಲಿ ಸಿ, ಅದು ನಿನಗೆ ಗೊತ್ತೇ ಇದೆ. ಅವಳಿಂದಲೇ ಹೇಳಿಸಿಕೊಂಡು ಕಲಿತು ಅದೇ ಉತ್ತರ ಬರೆದ ಪಕ್ಕದ ಸೆಕ್ಷನ್ನಿನ ಮೋಕ್ಷಿತನಿಗೆ ಎ. ಆ ಸೆಕ್ಷನ್ನಿನಲ್ಲಿ ಉತ್ತರಕ್ಕೆ ಅಂಕ, ನಮ್ಮದರಲ್ಲಿ ಹಾಳೆಯ ಅಂಚಿಗೆ ಎಳೆದ ಗೆರೆಗೆ ಅಂಕ. ಒಟ್ಟಿನಲ್ಲಿ ಅಂಕಕ್ಕೆ ಅಂಕೆಯೇ ಇಲ್ಲ!

ಮೋಕ್ಷಿತನ ಅಜ್ಜಿ ಪುಟ್ಟಗೌರಮ್ಮನೇ ಎದ್ದು, “ನಮ್ ಮಕ್ಳೇನು ಕೊಬ್ರೀನಾ, ಒಬ್ಬೊಬ್ರು ಒಂದೊಂದು ದರ್ಜೆ ಕಟ್ಟೋಕೆ?” ಎಂದರು. ಮಂಡಿಯಲ್ಲಿ ಕೊಬ್ಬರಿಗೆ ದರ್ಜೆ ಕಟ್ಟುವ ನನ್ನ ಕಡೆ ತಿರುಗಿ ಎಲ್ಲರೂ ನಕ್ಕರು. ಲಿಖಿತಾಳಿಗೆ ಸಿ ಕೊಟ್ಟ ವಿಜ್ಞಾನದ ಶಿವಮೂರ್ತಿ ಮೇಷ್ಟ್ರೂ ನಕ್ಕರು.

ಕಾಲರ್ ಹಿಡಿದು ಅವರ ತಲೆಯನ್ನು ಗೋಡೆಗೆ ಗುದ್ದಿದೆ. ಮುಷ್ಟಿಯೇಟಿಗೆ ತುಟಿ ಸೀಳಿ, ಹಲ್ಲು ಉತ್ತರಪತ್ರಿಕೆಗಳ ಮೇಲೆ ಬಿತ್ತು. ಕೆಂಪು ಶಾಯಿ ಯಾವುದು, ರಕ್ತ ಯಾವುದು ತಿಳಿಯಲಿಲ್ಲ. ಬಿದ್ದವರ ಪಕ್ಕೆಗೂ ಒದ್ದೆ. ಅಪ್ಪಂದಿರೆಲ್ಲ “ಇನ್ನೊಂದು ಇಕ್ಕಿ, ಪ್ರಸಾದಣ್ಣ!” ಎಂದು ಕೂಗಿದರು. ನನ್ನ ಕೈಯಿಂದ ಎಲ್ಲರಿಗೂ ಪ್ರಸಾದ ಹಂಚಿದಂತಾಯಿತು.

ಮೇಷ್ಟ್ರು ರಕ್ತ ಉಗಿದು ಹೇಳಿದರು: “ನಮ್ಮ ಸೆಕ್ಷನ್ ಲೆಕ್ಕಕ್ಕೆ ಅವಳಿಗೆ ಡಿ ಬರ್ಬೇಕಿತ್ತು ಸಾರ್. ಹೋದ್ಸಲ ಡಿ ಕೊಟ್ಟಾಗ ಬೆನ್ನೆಲ್ಲ ಬಾಸುಂಡೆ ಬಂದಿತ್ತು. ಹೊಡ್ಸ್ಕೊಳ್ಳೋ ಮಕ್ಳಿಗೆ ಒಂದು ದರ್ಜೆ ಏರಿಸ್ತೀನಿ.”

ನೀನು ಹೊರಡುವ ಮೊದಲು, ಆ ಸಿ ನೋಡಿಯೇ ಅಲ್ಲವೆ ನಾನು ತೆಂಗಿನ ಮಟ್ಟೆ ಎತ್ತಿದ್ದು? “ಬ್ಯಾಡ ಕಣಪ್ಪಾ” ಎಂದು ಅವಳು ಅಡ್ಡ ಹಿಡಿದ ಕೈಗೇ ಬಿತ್ತು. ಮೂಳೆ ಮುರಿದ ಸದ್ದು ನಿನಗೂ ಕೇಳಿಸಿತು. ಕೇಳಿಸದವನ ಹಾಗೆ ಇನ್ನೆರಡು ಹೊಡೆದೆ.

ಮೇಷ್ಟ್ರ ತುಟಿಗೆ ಆರು ಹೊಲಿಗೆ ಬಿದ್ದಿದೆ. ಆಸ್ಪತ್ರೆಯ ಬಾಗಿಲವರೆಗೆ ಹೋಗಿ ವಾಪಸ್ ಬಂದೆ.

ನಿನ್ನವನು ಎನ್ನಲು ನಾಚುತ್ತಿರುವ,
ರೇಣುಕಪ್ರಸಾದ್

ಮರೆತ ಮಾತು: ನಿನ್ನೆ ಆ ಅಪ್ಪಂದಿರು ಹಾರ ಹಿಡಿದು ಮನೆಗೇ ಬಂದರು. ನೀನು ಕೇಳಿದ್ದನ್ನು ಅವರೆಲ್ಲರ ಎದುರಿಗೆ ಹೇಳಿದೆ: “ನನ್ನ ಮಗಳ ಕೈ ಮುರಿದೋನು ನಾನೇ ಕಣ್ರಪ್ಪಾ.” ಯಾರೂ ಬೆಚ್ಚಲಿಲ್ಲ ಸೌಮ್ಯ. “ಬುಡಿ ಅತ್ಲಾಗೆ, ಹೊಡೀದೆ ಬುದ್ಧಿ ಬತ್ತದಾ?” ಎಂದು ನಗುತ್ತಾ ಹಾರ ಹಾಕಿಯೇ ಹೋದರು. ನಿನ್ನ ಷರತ್ತು ತೀರಿತು. ಆದರೂ ಮಗಳನ್ನು ಇಲ್ಲಿಗೆ ಕರೆತರಬೇಡ.