ಅಮ್ಮನ ತಡವರಿಕೆಯನ್ನು ಮರಳಿ ಕೊಡಿ

ಬಾನುಲಿ ನಿಲಯದ ಮಾನ್ಯ ನಿರ್ದೇಶಕರೇ,

ನಿಮ್ಮ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು ನಮ್ಮಮ್ಮ. ಅವಳು ತೀರಿಕೊಂಡ ವಾರ ನೀವು ಪ್ರಸಾರ ಮಾಡಿದ ಶ್ರದ್ಧಾಂಜಲಿಯಲ್ಲಿ ಅವಳ ಹಳೆಯ ಸಂದರ್ಶನವಿತ್ತು, ಅವಳಿರಲಿಲ್ಲ. ಅವಳ ತಡವರಿಕೆಯನ್ನೆಲ್ಲ ನೀವು ಕತ್ತರಿಸಿ ಎಸೆದಿದ್ದಿರಿ.

ಅಮ್ಮನಿಗೆ ಮಾತು ತಡೆಯುತ್ತಿತ್ತು. ಕೆಲಸಕ್ಕೆ ಸೇರಿದಾಗ ಮೈಕಿನ ಹತ್ತಿರ ಸುಳಿಯಬಾರದೆಂದು ಹಿರಿಯರು ತಾಕೀತು ಮಾಡಿದ್ದರಂತೆ. ಅವಳು ಮೈಕನ್ನೇ ಬೀದಿಗೆ ಹೊತ್ತೊಯ್ದಳು. ಗಣ್ಯರು ಬರೆದು ತಂದು ಓದುತ್ತಿದ್ದ ಬಾನುಲಿಯಲ್ಲಿ ದರ್ಜಿ, ದಾದಿ, ಬಸ್ ಕಂಡಕ್ಟರ್ ಮಾತಾಡತೊಡಗಿದರು. ನಿರ್ದೇಶಕಿಯಾದ ಮೇಲೆ ಅವಳು ಮಾಡಿದ ಮೊದಲ ನಿಯಮ, ಮಾತಾಡುವವರು ನಡುವೆ ಸುಮ್ಮನಾದರೆ ಟೇಪಿಗೆ ಬ್ಲೇಡು ಹಾಕಕೂಡದು ಎಂಬುದು. ಗಣಿಯಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬಾಕೆ, ಅವನ ಚಪ್ಪಲಿಯ ಮಾತು ಬಂದಾಗ ನಿಂತುಬಿಟ್ಟಿದ್ದಳು. ಸಂಕಲನಕಾರ ಆ ಜಾಗ ಕತ್ತರಿಸಿದ್ದ. ಅಮ್ಮ ಕಸದ ಬುಟ್ಟಿಯಲ್ಲಿ ಕೈಯಾಡಿಸಿ ತುಂಡನ್ನು ಹುಡುಕಿ ಮತ್ತೆ ಅಂಟಿಸಿದಳು. "ಅವಳು ಹೇಳಿದ್ದೇ ಅಲ್ಲಿ ಕಣಪ್ಪಾ," ಎಂದಳಂತೆ.

ಕಾರ್ಯಕ್ರಮ ಚುರುಕಾಗಲೆಂದು ಹೀಗೆ ಮಾಡಿದೆವು ಎಂದು ನಿಮ್ಮ ಕಚೇರಿಯವರು ಫೋನಿನಲ್ಲಿ ಹೇಳಿದರು. ದೊಡ್ಡ ಉಪಕಾರವಾಯಿತು. ಸತ್ತವಳಿಗೆ ಅಷ್ಟೇನು ಅವಸರವಿತ್ತು ಸ್ವಾಮಿ? ಯಾವ ವೈದ್ಯರ ಕೈಯಲ್ಲೂ ಆಗದ್ದನ್ನು ನಿಮ್ಮ ಕಂಪ್ಯೂಟರು ಸಾಧಿಸಿತೆಂದು ನಾವು ಸಂತೋಷಪಡಬೇಕೇ?

ಅಂದು ಅಪ್ಪ ಅಡುಗೆಮನೆಯ ಸ್ಟೂಲನ್ನು ಎಳೆದುಕೊಂಡು ರೇಡಿಯೋ ಪಕ್ಕ ಕೂತಿದ್ದರು. ಅಮ್ಮನಿಗೆ ಮಾತು ತಡೆದಾಗ ಅವರು ಎಂದೂ ಪದ ಎತ್ತಿಕೊಟ್ಟವರಲ್ಲ, ಕಾಯುತ್ತಿದ್ದರು. ಅವರ ಸಂಸಾರ ನಡೆದದ್ದೇ ಹಾಗೆ. ಅಂದು ಅಮ್ಮ ಪಟಪಟನೆ ಮಾತಾಡಿದಳು. ಅಪ್ಪನಿಗೆ ಕಾಯಲು ಎಲ್ಲೂ ಎಡೆ ಸಿಗಲಿಲ್ಲ. ಮುಗಿದ ಮೇಲೆ ನನ್ನತ್ತ ತಿರುಗಿ, "ಯಾರಮ್ಮಾ ಇವ್ರು? ನಿಮ್ಮಮ್ಮನ್ನ ಯಾವಾಗ ಹಾಕ್ತಾರೆ?" ಎಂದರು. ಅಪ್ಪನ ಬುದ್ಧಿ ಇನ್ನೂ ನೆಟ್ಟಗಿದೆ.

ಸಭಾಂಗಣವೊಂದಕ್ಕೆ ನೀವು ಅವಳ ಹೆಸರಿಡುತ್ತೀರಂತೆ. ಬೇಡ. ಮೂಲ ಧ್ವನಿಮುದ್ರಣ ಉಗ್ರಾಣದಲ್ಲಿದೆ, ಹಳೆಯದನ್ನೆಲ್ಲ ಅಳಿಸುವ ಆದೇಶವೂ ಆಗಿದೆ ಎಂದು ನೀವೇ ತಿಳಿಸಿದ್ದೀರಿ. ಅದನ್ನು ಅಳಿಸಬೇಡಿ. ಒಂದೇ ಒಂದು ಸಲ, ಅದೇ ಹೊತ್ತಿಗೆ, ಕತ್ತರಿ ತಾಗಿಸದೆ ಪ್ರಸಾರ ಮಾಡಿ. ಮೊದಲು ಅದು ಬಂದಾಗ ನಾವೆಲ್ಲ ಕೇಳಿದ್ದೆವು. ಕೊನೆಯಲ್ಲಿ, ಮನೆಯಲ್ಲಿ ಯಾರಿದ್ದಾರೆ ಎಂಬ ಪ್ರಶ್ನೆಗೆ ಅಮ್ಮ ಅಪ್ಪನ ಹೆಸರು ಹೇಳಲು ಹೋಗುತ್ತಾಳೆ. ಮೊದಲಕ್ಷರದಲ್ಲೇ ನಿಲ್ಲುತ್ತಾಳೆ. ಮತ್ತೆ ಯತ್ನಿಸುತ್ತಾಳೆ, ಆಗದೆ ನಕ್ಕುಬಿಡುತ್ತಾಳೆ. ನಿಮ್ಮ ಶ್ರದ್ಧಾಂಜಲಿಯಲ್ಲಿ ಅದಷ್ಟೂ ಇರಲಿಲ್ಲ.

ರೇಡಿಯೋ ಕೆಟ್ಟಿತೆಂದು ಊರವರು ಅಂದುಕೊಂಡರೆ ಅಂದುಕೊಳ್ಳಲಿ. ಆ ಹೆಸರಿಗಾಗಿ ಕಾಯುವವರೊಬ್ಬರು ಇಲ್ಲಿ ಕೂತಿದ್ದಾರೆ.

ಇಂತಿ,
ಸ್ಟೂಲನ್ನು ಇನ್ನೂ ಅಡುಗೆಮನೆಗೆ ಒಯ್ಯಲಾಗದ
ನಿಮ್ಮ ಹಳೆಯ ನಿರ್ದೇಶಕಿಯ ಮಗಳು